ಟೈಲ್ಸ್ ಹಾಕಿಸುವ ಮುನ್ನ ಗೋಡೆಯನ್ನು ಸಿದ್ಧಪಡಿಸಿ
(ಹಳೆಯ ಅಡುಗೆಮನೆಯ ಅಂಕುಡೊಂಕು ಗೋಡೆಯನ್ನು ಮಟ್ಟ ಮಾಡುವ ಕ್ರಮ)

— ಪಶುವೈದ್ಯ ವಿಸ್ತರಣಾಧಿಕಾರಿ



ಹಸುವಿನ ಬಗ್ಗೆ ಬರೆಯಬೇಕಾದ ಪಶುವೈದ್ಯರು ಗೋಡೆಯ ವಿಷಯಕ್ಕೆ ಏಕೆ ಬಂದರು ಎಂದು ನೀವು ಕೇಳಬಹುದು. ಕಾರಣವಿದೆ. ಮೈಸೂರು ನಗರದೊಳಗೂ, ನಗರ ಬೆಳೆದು ಬಂದು ಮುಟ್ಟಿರುವ ಹಿನಕಲ್, ಬೋಗಾದಿ, ಆಲನಹಳ್ಳಿ, ಕೆಸರೆಯಂತಹ ಊರುಗಳಲ್ಲೂ ಎರಡು ಮೂರು ಹಸು ಕಟ್ಟಿರುವ ಮನೆಗಳಲ್ಲಿ ಹಾಲಿಗೆಂದೇ ಬೇರೆ ಕೋಣೆ ಇರುವುದು ಅಪರೂಪ. ಕರೆದ ಹಾಲನ್ನು ಸೋಸುವುದು, ಕ್ಯಾನು ತೊಳೆದು ಬೋರಲು ಹಾಕುವುದು, ಸಂಘಕ್ಕೆ ಒಯ್ಯುವವರೆಗೆ ಹಾಲು ಇಡುವುದು ಎಲ್ಲವೂ ಅಡುಗೆಮನೆಯಲ್ಲೇ. ಆ ಗೋಡೆ ತೊಳೆಯಲು ಬರುವಂತಿರಬೇಕೆಂದು ಹಲವರು ಈಗ ಟೈಲ್ಸ್ ಹಾಕಿಸುತ್ತಿದ್ದಾರೆ. ಇದು ಸಂತೋಷದ ವಿಷಯ.

ಹಾಲು ಕೆಡುವುದಕ್ಕೆ ಗೋಡೆಯೇ ಮೊದಲ ಕಾರಣವಲ್ಲ. ಕೆಚ್ಚಲು, ಕೈ, ಪಾತ್ರೆ ಇವೇ ಮೊದಲು. ಆದರೆ ಬೂಷ್ಟು ಹಿಡಿದ, ಪುಡಿ ಉದುರುವ ಗೋಡೆಯ ಪಕ್ಕದಲ್ಲಿ ಪಾತ್ರೆ ಶುಚಿಯಾಗಿ ಉಳಿಯುವುದು ಕಷ್ಟ. ಬಿಸಿ ಆರದ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು. ಸುತ್ತಲ ವಾಸನೆಯನ್ನೂ ಹಾಲು ಬೇಗ ಹೀರಿಕೊಳ್ಳುತ್ತದೆ. ಆದ್ದರಿಂದ ಈ ಖರ್ಚು ವ್ಯರ್ಥವಲ್ಲ. ವ್ಯರ್ಥವಾಗುವುದು ಗೋಡೆಯನ್ನು ಸಿದ್ಧಪಡಿಸದೆ ಟೈಲ್ಸ್ ಅಂಟಿಸಿದಾಗ ಮಾತ್ರ. ನಾಲ್ಕಾರು ಬಟವಾಡೆಯ ಹಣ ಕೂಡಿಟ್ಟು ಹಾಕಿಸಿದ ಟೈಲ್ಸ್ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಬ್ಬಿ ಕಳಚುವುದನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ.

ಟೈಲ್ಸ್ ದೋಷವನ್ನು ಮುಚ್ಚುವುದಿಲ್ಲ

ಟೈಲ್ಸ್ ಹಾಕಿದರೆ ಗೋಡೆಯ ಡೊಂಕು ಮರೆಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸುಣ್ಣ ಬಳಿದ ಗೋಡೆಯಲ್ಲಿ ಕಾಣದ ಉಬ್ಬು, ಹೊಳೆಯುವ ಟೈಲ್ಸ್ ಮೇಲೆ ದೀಪ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಟೈಲ್ಸ್ ಬಾಗುವ ವಸ್ತುವಲ್ಲ. ತಗ್ಗಿರುವ ಕಡೆ ಅದರ ಹಿಂದೆ ಪೊಳ್ಳು ಉಳಿಯುತ್ತದೆ. ಆ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ, ಜಿರಳೆ ಸೇರುತ್ತದೆ, ಪಾತ್ರೆ ತಗುಲಿದರೆ ಟೈಲ್ಸ್ ಬಿರುಕು ಬಿಡುತ್ತದೆ. ಕೀವು ತೆಗೆಯದೆ ಗಾಯದ ಮೇಲೆ ಮುಲಾಮು ಹಚ್ಚಿದರೆ ಒಳಗೆ ಏನಾಗುತ್ತದೆಂದು ದನ ಸಾಕಿದವರಿಗೆ ಹೇಳಬೇಕಾಗಿಲ್ಲ. ಗೋಡೆಯ ವಿಷಯವೂ ಹಾಗೆಯೇ.

ನಿಮ್ಮ ಗೋಡೆ ಯಾವ ಬಗೆಯದು?

ಮೈಸೂರಿನಲ್ಲಿ ಎಲ್ಲ ಗೋಡೆಗಳೂ ಒಂದೇ ಬಗೆಯವಲ್ಲ. 1903ರಲ್ಲಿ ನಗರ ಸುಧಾರಣಾ ಮಂಡಳಿ ಏರ್ಪಟ್ಟ ಮೇಲೆ ಹಂತ ಹಂತವಾಗಿ ಬೆಳೆದ ಹಳೆಯ ಬಡಾವಣೆಗಳಲ್ಲೂ, ಅದಕ್ಕೂ ಹಿಂದಿನ ಕೋಟೆ ಸುತ್ತಲಿನ ಕೇರಿಗಳಲ್ಲೂ ಇಟ್ಟಿಗೆಗೆ ಮಣ್ಣು ಅಥವಾ ಸುಣ್ಣದ ಗಾರೆ ಹಾಕಿ ಕಟ್ಟಿದ ದಪ್ಪ ಗೋಡೆಗಳು ಇನ್ನೂ ಇವೆ. ಹಳ್ಳಿಯ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆಗಳೇ ಇವೆ. ಈಚಿನ ಮನೆಗಳದು ಸಿಮೆಂಟ್ ಗಾರೆಯ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಗೋಡೆ.

ತಿಳಿಯುವ ಬಗೆ ಸುಲಭ. ಮೂಲೆಯಲ್ಲಿ ಒಂದು ಅಂಗೈಯಗಲ ಗಾರೆಯನ್ನು ಉಳಿಯಿಂದ ಎಬ್ಬಿಸಿ ನೋಡಿ. ಬೆಳ್ಳಗಿದ್ದು ಉಗುರಿನಲ್ಲಿ ಕೆರೆದರೆ ಗೀರು ಬೀಳುವುದು ಸುಣ್ಣದ ಗಾರೆ. ಬೂದು ಬಣ್ಣದ್ದಾಗಿ ಗಟ್ಟಿಯಾಗಿರುವುದು ಸಿಮೆಂಟ್. ಸಂದಿಯಲ್ಲಿ ಕೆಂಪು ಮಣ್ಣು ಉದುರಿದರೆ ಮಣ್ಣಿನ ಕಟ್ಟಡ.

ಸುಣ್ಣದ ಗೋಡೆ ಮೃದು. ಅದು ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಅತಿ ಗಟ್ಟಿಯಾದ ಸಿಮೆಂಟ್ ಗಾರೆ ಬಳಿದರೆ, ಒಣಗುವಾಗ ಹೊಸ ಗಾರೆ ಕುಗ್ಗಿ ಹಳೆಯ ಮೈಯನ್ನೇ ಕಿತ್ತುಕೊಂಡು ಬರುತ್ತದೆ. ಆದ್ದರಿಂದ ಇಂತಹ ಗೋಡೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಮಿಶ್ರಣ ಸೂಕ್ತ. ಸಿಮೆಂಟ್ ಗಾರೆಯಿಂದ ಕಟ್ಟಿದ ಗೋಡೆಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು ಸಾಕು.

ಮೊದಲು ತೇವ, ಆಮೇಲೆ ಮಟ್ಟ

ಗೋಡೆಯಲ್ಲಿ ತೇವವಿದ್ದರೆ ಬೇರೆ ಯಾವ ಕೆಲಸವನ್ನೂ ಆರಂಭಿಸಬೇಡಿ. ಪರೀಕ್ಷೆ ಹೀಗೆ: ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಗಾಳಿ ಹೋಗದಂತೆ ಮುಚ್ಚಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಹನಿಗಳಿದ್ದರೆ ಅದು ಒಲೆಯ ಹಬೆ, ಗಾಳಿಯಾಡದ ಕೋಣೆಯ ದೋಷ. ಒಂದು ಕಿಟಕಿಯಿಂದ ಅದು ಪರಿಹಾರವಾಗುತ್ತದೆ.

ಒಳಗಿನಿಂದ ಬರುವ ತೇವಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣಗಳು:

1. ಸಿಂಕಿನ ಅಥವಾ ನಲ್ಲಿಯ ಕೊಳವೆ ಗೋಡೆಯೊಳಗೆ ಸೋರುವುದು.
2. ಆಚೆ ಬದಿಯಲ್ಲಿ ಬಚ್ಚಲಿರುವುದು.
3. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿರುವುದು. ರಸ್ತೆ ಏರಿಸಿದಂತೆಲ್ಲ ಹಳೆಯ ಮನೆಗಳಿಗೆ ಈ ತೊಂದರೆ ಬರುತ್ತದೆ.
4. ಆಚೆ ಬದಿಯಲ್ಲಿ ಕೊಟ್ಟಿಗೆ ಇರುವುದು.

ನಾಲ್ಕನೆಯದು ನಮ್ಮ ಸದಸ್ಯರ ಮನೆಗಳಿಗೇ ವಿಶೇಷವಾದದ್ದು. ಜಾಗ ಸಾಲದೆ ಅಡುಗೆಮನೆಯ ಹಿಂಗೋಡೆಗೆ ಆನಿಸಿ ಕೊಟ್ಟಿಗೆ ಇಳಿಸಿರುತ್ತೇವೆ. ಗಂಜಲದ ಚರಂಡಿ ಆ ಗೋಡೆಯ ಬುಡದಲ್ಲೇ ಹರಿಯುತ್ತದೆ, ಸಗಣಿ ರಾಶಿ ಅಲ್ಲೇ ಬೀಳುತ್ತದೆ. ಗಂಜಲ, ಸಗಣಿಗಳಲ್ಲಿನ ಸಾರಜನಕ ಮಣ್ಣಿನಲ್ಲಿ ಮಾರ್ಪಟ್ಟು ಲವಣವಾಗುತ್ತದೆ. ತೇವದೊಡನೆ ಆ ಲವಣ ಗೋಡೆಯೊಳಗೆ ಏರಿ, ನೀರು ಆರಿದ ಮೇಲೆ ಹೊರಮೈಯಲ್ಲಿ ಬಿಳಿಯ ಪುಡಿಯಾಗಿ ಕಾಣಿಸಿಕೊಳ್ಳುತ್ತದೆ. ಗೋಡೆ ಉಪ್ಪು ಕಾರುತ್ತಿದೆ ಎಂದು ನಾವು ಹೇಳುವುದು ಇದನ್ನೇ. ಈ ಉಪ್ಪು ಹರಳುಗಟ್ಟುವಾಗ ಹಿಗ್ಗುತ್ತದೆ. ಆ ಒತ್ತಡಕ್ಕೆ ಗಾರೆ ಪುಡಿಯಾಗುತ್ತದೆ, ಟೈಲ್ಸ್ ಕಳಚುತ್ತದೆ.

ಪರಿಹಾರವಿರುವುದು ಆಚೆ ಬದಿಯಲ್ಲಿ. ಚರಂಡಿಯನ್ನು ಗೋಡೆಯಿಂದ ದೂರ ಸರಿಸಿ. ಕೊಟ್ಟಿಗೆಯ ನೆಲದ ವಾಟ ಗೋಡೆಯ ವಿರುದ್ಧ ದಿಕ್ಕಿಗೆ ಇರಲಿ. ತಿಪ್ಪೆಯನ್ನು ತೆಗೆಯಿರಿ. ಅನಂತರ ಗೋಡೆಯ ಒಳಮೈಯಲ್ಲಿ ಉಪ್ಪು ಹಿಡಿದ ಗಾರೆಯನ್ನು, ಕಲೆ ಮುಗಿದ ಜಾಗದಿಂದ ಮೇಲಕ್ಕೆ ಒಂದು ಅಡಿಯಷ್ಟು ಸೇರಿಸಿ, ಇಟ್ಟಿಗೆ ಕಾಣುವವರೆಗೆ ಕೆತ್ತಿ ತೆಗೆಸಿ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಇಟ್ಟಿಗೆಯ ಮೈಯನ್ನು ಹಾಗೆಯೇ ಗಾಳಿಗೆ ಬಿಟ್ಟು, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೆ ಮಾಡಿ. ಒಣಗಿದೆ ಎಂದು ಖಚಿತವಾದ ಮೇಲೆ ಮುಂದಿನ ಕೆಲಸ.

ಮೈಸೂರಿನಲ್ಲಿ ಮೇ ತಿಂಗಳಲ್ಲೂ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೂ ಮಳೆ ಹೆಚ್ಚು. ಜನವರಿಯಿಂದ ಮಾರ್ಚ್‌ವರೆಗೆ ಗೋಡೆ ಚೆನ್ನಾಗಿ ಒಣಗಿರುತ್ತದೆ. ಸಾಧ್ಯವಾದರೆ ಕೆಲಸವನ್ನು ಆ ತಿಂಗಳುಗಳಲ್ಲಿ ಇಟ್ಟುಕೊಳ್ಳಿ.

ಮೈ ಶುದ್ಧಿ ಮತ್ತು ಕಚ್ಚು ಹೊಡೆಯುವುದು

ಕರಣೆಯ ಹಿಡಿಯಿಂದ ಗೋಡೆಯನ್ನು ಅಂಗೈಯಗಲಕ್ಕೆ ಒಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಗಾರೆ ಗೋಡೆಯನ್ನು ಹಿಡಿದುಕೊಂಡಿದೆ. ಡಬ್ ಡಬ್ ಎಂದರೆ ಅಲ್ಲಿ ಪೊಳ್ಳು. ಅಂತಹ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಅಷ್ಟನ್ನೂ ತೆಗೆಸಿ.

ಪದರ ಪದರವಾಗಿ ಬಳಿದ ಸುಣ್ಣ, ಡಿಸ್ಟೆಂಪರ್, ಪುಟ್ಟಿ, ಎಣ್ಣೆ ಬಣ್ಣ ಯಾವುದನ್ನೂ ಉಳಿಸಬಾರದು. ಟೈಲ್ಸ್ ಭಾರವನ್ನು ಹೊರಬೇಕಾದದ್ದು ಗಾರೆ, ಬಣ್ಣದ ಪೊರೆಯಲ್ಲ. ಒಗ್ಗರಣೆ ಜಿಡ್ಡು, ಸೌದೆ ಒಲೆಯ ಮಸಿ ಇರುವ ಕಡೆ ವಾಷಿಂಗ್ ಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ಉಜ್ಜಿ, ಶುದ್ಧ ನೀರಿನಲ್ಲಿ ಎರಡು ಬಾರಿ ತೊಳೆಯಿರಿ. ಬಳಿಕ ಸ್ವಲ್ಪ ನೀರು ಚಿಮುಕಿಸಿ ನೋಡಿ. ಗೋಡೆ ನೀರನ್ನು ಹೀರಿಕೊಂಡರೆ ಸರಿ. ಹನಿ ಮಣಿಯಂತೆ ನಿಂತು ಜಾರಿದರೆ ಜಿಡ್ಡು ಇನ್ನೂ ಇದೆ.

ಉಳಿದ ಗಟ್ಟಿ ಗಾರೆಯ ಮೇಲೆ ಎರಡು ಬೆರಳು ಅಂತರಕ್ಕೊಂದರಂತೆ, ಎರಡು ಮೂರು ಮಿ.ಮೀ. ಆಳಕ್ಕೆ ಕಚ್ಚು ಹೊಡೆಸಿ. ಇಟ್ಟಿಗೆ ಕಾಣುವ ಕಡೆ ಸಂದುಗಳನ್ನು ಅರ್ಧ ಅಂಗುಲದಷ್ಟು ಕೆರೆಸಿ. ಹೊಸ ಗಾರೆಗೆ ಹಿಡಿತ ಸಿಗುವುದು ಇದರಿಂದಲೇ. ಕಾಂಕ್ರೀಟ್ ಮತ್ತು ಇಟ್ಟಿಗೆ ಕೂಡುವ ಕಡೆಯೂ, ಮಣ್ಣಿನ ಗೋಡೆಯ ಮೇಲೂ ಕೋಳಿ ಜಾಲರಿ ಹೊಡೆಸಿದರೆ ಬಿರುಕು ಬಾರದು. ಕೂಡುವ ಗೆರೆಯ ಎರಡೂ ಬದಿಗೆ ಅರ್ಧ ಅಡಿ ಜಾಲರಿ ಇರಲಿ. ನಲ್ಲಿ ಕೊಳವೆ, ವಿದ್ಯುತ್ ಪೈಪುಗಳನ್ನೂ ಈ ಹಂತದಲ್ಲೇ ಹುದುಗಿಸಿ ಮುಗಿಸಬೇಕು.

ದನಕರುಗಳ ಬಗ್ಗೆ ಎಚ್ಚರ

ಗಾರೆ ಕೆಲಸದವರು ಹೇಳದ ಎರಡು ಮಾತನ್ನು ಇಲ್ಲಿ ಹೇಳಲೇಬೇಕು.

ಒಂದನೆಯದು, ಹಳೆಯ ಎಣ್ಣೆ ಬಣ್ಣ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಾಗಿರಬಹುದು. ಕೆರೆದ ಚೂರುಗಳನ್ನು ತಿಪ್ಪೆಗೋ ಹಿತ್ತಲಿಗೋ ಎಸೆದರೆ ಕರುಗಳು ನೆಕ್ಕುತ್ತವೆ. ಕರುಗಳಿಗೆ ಸಿಕ್ಕಿದ್ದನ್ನು ನೆಕ್ಕುವ ಅಭ್ಯಾಸ, ಸೀಸದ ವಿಷವೂ ಅವಕ್ಕೆ ಬೇಗ ಏರುತ್ತದೆ. ಕಣ್ಣು ಕಾಣದೆ ತಡವರಿಸುವುದು, ಹಲ್ಲು ಕಡಿಯುವುದು, ಜೊಲ್ಲು ಸುರಿಸುವುದು, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವುದು, ನಡುಕ, ಸೆಳೆತ ಇದರ ಲಕ್ಷಣಗಳು. ಹಸು ತಿಂದರೆ ಸೀಸ ಹಾಲಿನಲ್ಲೂ ಬರುತ್ತದೆ. ಇಂತಹ ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ, ಗೋಡೆ ಕೆರೆದ ವಿಷಯವನ್ನು ಮರೆಯದೆ ತಿಳಿಸಿ. ಬಣ್ಣವನ್ನು ಒಣದಾಗಿ ಉಜ್ಜದೆ, ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆಸಬೇಕು. ಕೆಲಸದವರು ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ. ಮಕ್ಕಳು ಆ ಕಡೆ ಹೋಗದಿರಲಿ. ಚೂರುಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ದನ ಮುಟ್ಟದ ಕಡೆ ಇಟ್ಟು ನಗರಪಾಲಿಕೆ ಅಥವಾ ಪಂಚಾಯಿತಿಯ ಕಸದವರಿಗೆ ತಿಳಿಸಿ ಕೊಡಿ.

ಎರಡನೆಯದು, ಮೊಳೆ ಮತ್ತು ಜಾಲರಿಯ ತಂತಿ ಚೂರು. ಆಡಿನಂತೆ ಹಸು ಮೇವನ್ನು ತುಟಿಯಿಂದ ಆಯ್ದು ತಿನ್ನುವುದಿಲ್ಲ. ನಾಲಗೆಯಿಂದ ಸುತ್ತಿ ನುಂಗುತ್ತದೆ. ಮೇವಿನೊಡನೆ ಹೋದ ತಂತಿ ಎರಡನೆಯ ಹೊಟ್ಟೆಯಲ್ಲಿ ನಿಂತು, ಅದರ ಮುಂದೆಯೇ ಇರುವ ಹೃದಯದ ಕಡೆಗೆ ಚುಚ್ಚಿಕೊಂಡು ಹೋಗಬಲ್ಲದು. ಇದ್ದಕ್ಕಿದ್ದಂತೆ ಹಾಲು ಇಳಿಯುವುದು, ಮೇವು ಬಿಡುವುದು, ಬೆನ್ನು ಬಿಲ್ಲಿನಂತೆ ಬಾಗುವುದು, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುವುದು, ಎದೆಯ ಮುಂಭಾಗ ಊದಿಕೊಳ್ಳುವುದು ಇದರ ಗುರುತು. ಹೃದಯಕ್ಕೆ ಚುಚ್ಚಿದ ಮೇಲೆ ಹಸುವನ್ನು ಉಳಿಸುವುದು ಬಹಳ ಕಷ್ಟ. ಆದ್ದರಿಂದ ಜಾಲರಿಯನ್ನು ಕೊಟ್ಟಿಗೆಯ ಅಂಗಳದಲ್ಲಿ ಕತ್ತರಿಸಲು ಬಿಡಬೇಡಿ. ಕೆಲಸ ಮುಗಿದ ಪ್ರತಿ ಸಂಜೆ ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದು ಚೂರುಗಳನ್ನು ಆಯ್ದುಕೊಳ್ಳಿ.

ಅಂಕುಡೊಂಕನ್ನು ಅಳೆಯುವುದು

ಕಣ್ಣಳತೆ ಸಾಲದು. ಗೋಡೆಯ ಮೇಲಿನ ಎರಡು ಮೂಲೆಗಳಲ್ಲಿ ಮೊಳೆ ಹೊಡೆದು, ತೂಕದ ಗುಂಡು ಇಳಿಬಿಟ್ಟು, ಅದರ ನೇರಕ್ಕೆ ಕೆಳಗಿನ ಮೊಳೆಗಳನ್ನು ಹೊಡೆಯಿರಿ. ನಾಲ್ಕು ಮೊಳೆಗಳ ನಡುವೆ ಬಿಗಿಯಾಗಿ ದಾರ ಕಟ್ಟಿ, ಅಡಿಗೊಂದರಂತೆ ದಾರದಿಂದ ಗೋಡೆಗಿರುವ ಅಂತರವನ್ನು ಅಳೆದು ಗೋಡೆಯ ಮೇಲೆಯೇ ಬರೆಯಿರಿ.

ಒಂದು ಉದಾಹರಣೆ ನೋಡೋಣ. ಐದು ಕಡೆ ಅಳತೆ 12, 26, 30, 34, 28 ಮಿ.ಮೀ. ಬಂತೆನ್ನಿ. 12 ಬಂದ ಜಾಗ ಉಬ್ಬು. ಅದರ ಮೇಲೂ ಕನಿಷ್ಠ 10 ಮಿ.ಮೀ. ಗಾರೆ ಬೇಕು. ಹಾಗೆ ಮಾಡಿದರೆ ಐದೂ ಕಡೆ ಗಾರೆಯ ದಪ್ಪ 10, 24, 28, 32, 26 ಆಗುತ್ತದೆ, ಸರಾಸರಿ 24 ಮಿ.ಮೀ. ಅದರ ಬದಲು ಆ ಒಂದು ಉಬ್ಬಿನಲ್ಲಿ 12 ಮಿ.ಮೀ. ಹಳೆಯ ಗಾರೆಯನ್ನು ಕೆತ್ತಿಸಿದರೆ ದಪ್ಪ 10, 12, 16, 20, 14ಕ್ಕೆ ಇಳಿಯುತ್ತದೆ. ಸರಾಸರಿ 14 ಮಿ.ಮೀ.ಗೆ ಸ್ವಲ್ಪ ಹೆಚ್ಚು. ಅರ್ಧ ಗಂಟೆಯ ಉಳಿ ಕೆಲಸದಿಂದ ಸಿಮೆಂಟ್, ಮರಳು, ಗೋಡೆಯ ಮೇಲಿನ ಭಾರ ಎಲ್ಲವೂ ಉಳಿತಾಯ. ಆದರೆ ಉಬ್ಬಿರುವುದು ಗಾರೆಯಲ್ಲ, ಇಟ್ಟಿಗೆ ಗೋಡೆಯೇ ಎಂದಾದರೆ ಕೆತ್ತಿಸಬೇಡಿ. ಬಿರುಕಿನೊಡನೆ ಗೋಡೆ ಹೊಟ್ಟೆ ಬಿಟ್ಟಿದ್ದರೆ ಮೊದಲು ಎಂಜಿನಿಯರಿಗೆ ತೋರಿಸಿ.

ಗಾರೆ ಬಳಿಯುವ ಕ್ರಮ

ಹಿಂದಿನ ದಿನ ಗೋಡೆಗೆ ನೀರು ಹಾಕಿ. ಬಳಿಯುವ ಹೊತ್ತಿಗೆ ಗೋಡೆ ತಂಪಾಗಿರಬೇಕು, ನೀರು ಇಳಿಯುತ್ತಿರಬಾರದು. ದಾರದ ನೇರಕ್ಕೆ ಅಲ್ಲಲ್ಲಿ ಗಾರೆಯ ಸಣ್ಣ ಬಿಲ್ಲೆಗಳನ್ನು ಇಡಿಸಿ. ಮೇಸ್ತ್ರಿಗಳು ಇದಕ್ಕೆ ಬುಲ್ ಮಾರ್ಕ್ ಎನ್ನುತ್ತಾರೆ. ಬಿಲ್ಲೆಗಳು ಗಟ್ಟಿಯಾದ ಮೇಲೆ ಅವುಗಳ ನಡುವೆ ಗಾರೆ ತುಂಬಿ, ಉದ್ದನೆಯ ಪಟ್ಟಿಯನ್ನು ಎಳೆದು ಮಟ್ಟ ಮಾಡಬೇಕು.

ಒಂದೇ ಸಲಕ್ಕೆ 12ರಿಂದ 15 ಮಿ.ಮೀ.ಗಿಂತ ದಪ್ಪ ಬಳಿಸಬೇಡಿ. ದಪ್ಪ ಗಾರೆ ತನ್ನ ಭಾರಕ್ಕೆ ತಾನೇ ಜಾರುತ್ತದೆ, ಒಣಗಿದಾಗ ಬಿರಿಯುತ್ತದೆ. ಹೆಚ್ಚು ತಗ್ಗಿರುವ ಕಡೆ ಮೊದಲ ಪದರ ಬಳಿದು, ಹಸಿ ಇರುವಾಗಲೇ ಅಡ್ಡಾದಿಡ್ಡಿ ಗೀರು ಹಾಕಿ, ಒಂದೆರಡು ದಿನ ತೇವವಾಗಿಟ್ಟು ಎರಡನೆಯ ಪದರ ಬಳಿಯಬೇಕು. ಎರಡನೆಯ ಪದರದಲ್ಲಿ ಸಿಮೆಂಟಿನ ಪಾಲು ಮೊದಲನೆಯದಕ್ಕಿಂತ ಹೆಚ್ಚಿರಬಾರದು. ನೀರು ಬೆರೆಸಿದ ಗಾರೆಯನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕು. ಗಟ್ಟಿಯಾಗುತ್ತಿರುವುದಕ್ಕೆ ಮತ್ತೆ ನೀರು ಬೆರೆಸುವುದು ಬೇಡ. ಉಪ್ಪು ಕೊಳವೆಬಾವಿಯ ನೀರಿಗಿಂತ ನಲ್ಲಿಯ ಕುಡಿಯುವ ನೀರು ಉತ್ತಮ. ಮೇಲ್ಮೈಯನ್ನು ಸಿಮೆಂಟ್ ಹಾಲು ಹಚ್ಚಿ ನಯ ಮಾಡಿಸಬೇಡಿ. ಮರದ ಹಲಗೆಯಿಂದ ಉಜ್ಜಿ ಒರಟಾಗಿಯೇ ಬಿಡಬೇಕು. ನಯವಾದ ಮೈಗೆ ಟೈಲ್ಸ್ ಹಿಡಿಯುವುದಿಲ್ಲ.

ಏಳು ದಿನ ನೀರು ಉಣಿಸಿ, ಸುಣ್ಣ ಬೆರೆತ ಗಾರೆಯಾದರೆ ಇನ್ನೂ ಕೆಲವು ದಿನ ಹೆಚ್ಚು. ಆಮೇಲೆ ಕನಿಷ್ಠ ಎರಡು ವಾರ ಒಣಗಲು ಬಿಡಿ. ಗಾರೆ ಕುಗ್ಗುವುದಿದ್ದರೆ ಟೈಲ್ಸ್ ಹಾಕುವ ಮುಂಚೆಯೇ ಕುಗ್ಗಲಿ. ಈ ಕಾಯುವಿಕೆಯೇ ಹೆಚ್ಚಿನವರು ಬಿಟ್ಟುಬಿಡುವ ಹಂತ. ಆ ದಿನಗಳಲ್ಲಿ ಹಾಲನ್ನೂ ಪಾತ್ರೆಗಳನ್ನೂ ಬೇರೆ ಕೋಣೆಯಲ್ಲಿ, ಧೂಳು ಬೀಳದಂತೆ ಮುಚ್ಚಿಡಿ.

ಕೊನೆಯ ಪರೀಕ್ಷೆ: ಎರಡು ಮೀಟರ್ ಉದ್ದದ ನೇರ ಪಟ್ಟಿಯನ್ನು ಗೋಡೆಗೆ ಎಲ್ಲ ದಿಕ್ಕಿನಲ್ಲೂ ಇಟ್ಟು ನೋಡಿ. ಹಿಂದೆ ಉಳಿಯುವ ಸಂದು 3 ಮಿ.ಮೀ. ಮೀರಬಾರದು. ಅಂದರೆ ಎರಡು ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು. ಮೂಲೆ ಸರಿಯಿದೆಯೇ ಎಂದು ತಿಳಿಯಲು ಒಂದು ಗೋಡೆಯಲ್ಲಿ 3 ಅಡಿ, ಪಕ್ಕದ ಗೋಡೆಯಲ್ಲಿ 4 ಅಡಿ ಗುರುತಿಸಿ. ಅವೆರಡರ ನಡುವೆ ಓರೆಯಾಗಿ 5 ಅಡಿ ಬಂದರೆ ಮೂಲೆ ಸರಿ.

ಇಷ್ಟಾದ ಮೇಲೆ ಟೈಲ್ಸ್ ಕೆಲಸ ಒಂದೆರಡು ದಿನದ್ದು. ಸಾಮಾನ್ಯ ಸಿರಾಮಿಕ್ ಟೈಲ್ಸ್ ಅನ್ನು ಸಿಮೆಂಟ್ ಗಾರೆಯಲ್ಲಿ ಕೂರಿಸುವುದಾದರೆ ಮೊದಲು ನೀರಿನಲ್ಲಿ ನೆನೆಸಬೇಕು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲವಾದ್ದರಿಂದ ಅದಕ್ಕೆ ಅಂಟುಪುಡಿಯೇ ಬೇಕು. ಎರಡರಲ್ಲೂ ಟೈಲ್ಸ್ ಹಿಂದೆ ಪೂರ್ತಿ ಬಳಿಯಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವ ಪದ್ಧತಿ ಬೇಡ.

ಸದಸ್ಯರ ಸಂದೇಹಗಳು

ಪ್ರಶ್ನೆ: ತಗ್ಗನ್ನು ಟೈಲ್ಸ್ ಅಂಟಿನಿಂದಲೇ ತುಂಬಿದರೆ ಆಗದೆ?
ಉತ್ತರ: ಆಗದು. ಅಂಟನ್ನು ತೆಳುವಾಗಿ, ಸುಮಾರು 3ರಿಂದ 6 ಮಿ.ಮೀ. ದಪ್ಪಕ್ಕೆ ಬಳಸಬೇಕು. ಖರ್ಚನ್ನೂ ನೋಡಿ. 40 ಚದರ ಅಡಿಗೆ 12 ಮಿ.ಮೀ. ಸಿಮೆಂಟ್ ಗಾರೆ ಬಳಿಯಲು ಸುಮಾರು 17 ಕಿ.ಗ್ರಾಂ. ಸಿಮೆಂಟ್, ಎರಡು ಘನ ಅಡಿಗಿಂತ ಕಡಿಮೆ ಮರಳು ಸಾಕು. ಅಷ್ಟೇ ದಪ್ಪವನ್ನು ಅಂಟಿನಿಂದ ತುಂಬಿದರೆ 20 ಕಿ.ಗ್ರಾಂ.ನ ಮೂರು ಚೀಲಕ್ಕೂ ಹೆಚ್ಚು ಬೇಕಾದೀತು.

ಪ್ರಶ್ನೆ: ತೇವದ ಗೋಡೆಗೆ ಒಳಗಿನಿಂದ ನೀರುನಿರೋಧಕ ಬಳಿದರೆ ಸಾಲದೆ?
ಉತ್ತರ: ಮೂಲವನ್ನು ನಿಲ್ಲಿಸದಿದ್ದರೆ ತೇವ ಆ ಪದರದ ಹಿಂದೆಯೇ ಮೇಲೇರಿ, ಟೈಲ್ಸ್ ಮುಗಿದ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ಸಂಘದ ಹಾಲು ಶೇಖರಣಾ ಕೊಠಡಿಗೂ ಇದೇ ಕ್ರಮವೇ?
ಉತ್ತರ: ಹೌದು. ಆಹಾರ ಸುರಕ್ಷತೆಯ 2011ರ ನಿಯಮಗಳೂ ಗೋಡೆ ನಯವಾಗಿ, ತೊಳೆಯಲು ಬರುವಂತಿರಬೇಕೆಂದು ಹೇಳುತ್ತವೆ. ಕ್ಯಾನು ತಗುಲುವ ಎತ್ತರದವರೆಗಂತೂ ಟೈಲ್ಸ್ ಹಿಂದೆ ಎಲ್ಲೂ ಪೊಳ್ಳಿರಬಾರದು.

ನೆನಪಿಡಿ

* ಟೈಲ್ಸ್ ಕೊಳ್ಳುವ ಮೊದಲು ತೇವದ ಪರೀಕ್ಷೆ, ತಟ್ಟುವ ಪರೀಕ್ಷೆ, ದಾರದ ಅಳತೆ ಮಾಡಿ.
* ಕೊಟ್ಟಿಗೆಯ ಚರಂಡಿಯನ್ನು ಅಡುಗೆಮನೆಯ ಗೋಡೆಯಿಂದ ದೂರ ಸರಿಸಿ.
* ಮೃದು ಗೋಡೆಗೆ ಸುಣ್ಣ ಬೆರೆತ ಗಾರೆ, ಗಟ್ಟಿ ಗೋಡೆಗೆ ಸಿಮೆಂಟ್ ಗಾರೆ.
* ತೆಳು ಪದರ, ಏಳು ದಿನ ನೀರು, ಎರಡು ವಾರ ಬಿಡುವು.
* ಬಣ್ಣದ ಚೂರು, ಮೊಳೆ, ತಂತಿ ದನದ ಬಾಯಿಗೆ ಸಿಗದಿರಲಿ.

ಕೊಟ್ಟಿಗೆಯ ಚರಂಡಿ, ವಾಟ ಇವುಗಳ ಬಗ್ಗೆ ಸಂದೇಹವಿದ್ದಲ್ಲಿ ಸಂಘದ ಕಾರ್ಯದರ್ಶಿಗಳ ಮೂಲಕ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗಳಿಗೆ ತಿಳಿಸಿ. ಗೋಡೆ ಒಡೆಯುವ ಮೊದಲೇ ಕೇಳುವುದು ಲೇಸು.